ಸಿಸ್ಟರ್ ಸೈಕಲ್ಲಿನ ಕತ್ತು

ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಸೈಕಲನ್ನು ಹಿಂದಕ್ಕೂ ಮುಂದಕ್ಕೂ ದೂಡಿ ನೋಡಿದೆ. ‘ಟಕ್’ ಎಂದಿತು. ಹ್ಯಾಂಡಲ್ಲಿನ ಕೆಳಗೆ, ಚೌಕಟ್ಟಿನ ಒಳಗಿನಿಂದ ಬಂದ ಸದ್ದು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ಬೆರಳ ತುದಿಯಲ್ಲಿ ಮೆಲ್ಲಗೆ ತಿರುಗಿಸಿದೆ. ನೇರಕ್ಕೆ ಬಂದ ಕೂಡಲೇ ಅದು ಗುಂಡಿಗೆ ಬಿದ್ದ ಹಾಗೆ ನಿಂತುಬಿಟ್ಟಿತು. ಇನ್ನಷ್ಟು ದೂಡಿದ ಮೇಲೆಯೇ ಅಲ್ಲಿಂದ ಎದ್ದು ಮುಂದೆ ಹೋದದ್ದು.

“ಏನ್ ಆಗೇತಿ ತಂಗಿ?” ಸೈಕಲ್ಲಿನ ಒಡತಿ ಕೇಳಿದರು.

“ಕತ್ತು ಹೋಗಿದೆ ಸಿಸ್ಟರ್. ಸೈಕಲ್ಲಿನದ್ದು.”

“ಭಾಳ ಛಲೋ ಆತು. ನನ್ನ ಕತ್ತೂ ಹೋಗೇತಿ, ಅದರದ್ದೂ ಹೋತು!” ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಆ ಸೈಕಲ್ಲಿನ ಮೇಲೆ ಅವರು ಮುಂಬೈಯಿಂದ ಕಾರವಾರದವರೆಗೆ, ಸಮುದ್ರದ ಬದಿಯ ರಸ್ತೆಯಲ್ಲಿ, ಮುಂದೆ ಹಿಂದೆ ಚೀಲ ಕಟ್ಟಿಕೊಂಡು ಹೋಗುವವರಿದ್ದರು.

ಪರೇಲಿನ ಹಳೆಯ ಚಾಳೊಂದರ ಕೆಳಗೆ ನನ್ನ ಸೈಕಲ್ ವರ್ಕ್‌ಶಾಪ್ ಇದೆ. ಬಂದವರಲ್ಲಿ ಅರ್ಧಕ್ಕರ್ಧ ಜನ ನನ್ನನ್ನು ಕಂಡು, ನನ್ನ ಹಿಂದೆ ಇಣುಕಿ, “ಮಿಸ್ತ್ರಿ ಕಿಧರ್ ಹೈ?” ಎಂದು ಕೇಳುತ್ತಾರೆ. ಮಿಸ್ತ್ರಿ ನಾನೇ ಎಂದು ಹೇಳಿ ಹೇಳಿ ಸಾಕಾಗಿದೆ. ಸಿಸ್ಟರ್ ಹಾಗೆ ಕೇಳಿದವರಲ್ಲ. ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವರು ಬಾಗಲಕೋಟೆ ಕಡೆಯವರು, ಮನೆ ಆಂಟಾಪ್ ಹಿಲ್‌ನಲ್ಲಿ. ಐವತ್ತು ದಾಟಿದೆ. ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವ ಹಾಗೆ ನಾನೂ ಸಿಸ್ಟರ್ ಎಂದೇ ಕರೆಯುವುದು. ರೋಗಿಗಳನ್ನು ಎತ್ತಿ ಮಲಗಿಸಿ ಅವರ ಕತ್ತಿನ ಮೂಳೆ ಸವೆದಿತ್ತು. ಹಿಂದಿನ ವರ್ಷ ಅವರನ್ನು ವಾರ್ಡಿನಿಂದ ತೆಗೆದು ರೋಗಿಗಳ ಹೆಸರು ಬರೆದುಕೊಳ್ಳುವ ಕೇಸ್ ಪೇಪರ್ ಕೌಂಟರಿನಲ್ಲಿ ಕೂರಿಸಿದರು. ಊರಿಗೆ ಹಿಂದಿರುಗುತ್ತಿದ್ದ ಡಾಕ್ಟರೊಬ್ಬರು ಬಿಟ್ಟುಕೊಟ್ಟ ಜಪಾನಿನ ಹಳೆಯ ಟೂರಿಂಗ್ ಸೈಕಲನ್ನು ಅವರು ತುಳಿಯಲು ಶುರು ಮಾಡಿದ್ದು ಆಮೇಲೆಯೇ.

“ಕೌಂಟರ್‌ದಾಗ ಕುಂತ್ ಕುಂತ್ ನಾನು ಮುಗದ ಹೋದೆ ಅನಸಾಕತ್ತೇತಿ ತಂಗಿ. ಇನ್ನೂ ಮುಗದಿಲ್ಲ ಅಂತ ನನಗ ನಾನ ತೋರಸ್ಕೋಬೇಕು,” ಎಂದಿದ್ದರು. ಮೂರು ಸಲ ತಿರಸ್ಕರಿಸಿದ ಮೇಲೆ ಆಸ್ಪತ್ರೆ ಅವರಿಗೆ ರಜೆ ಕೊಟ್ಟಿತ್ತು. ದೀಪಾವಳಿ ಮುಗಿದ ಕೂಡಲೇ ಹೊರಡಬೇಕು. ತಪ್ಪಿದರೆ ಆ ರಜೆ ಮತ್ತೆ ಸಿಗುವಂಥದ್ದಲ್ಲ.

ಇಲ್ಲಿ ಸ್ವಲ್ಪ ವಿವರಿಸಬೇಕು. ಹ್ಯಾಂಡಲ್ ತಿರುಗಬೇಕಾದರೆ ಚೌಕಟ್ಟಿನ ಮುಂದಿನ ಗಿಡ್ಡ ಕೊಳವೆಯೊಳಗೆ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕಂಬ ತಿರುಗಬೇಕು. ಅದಕ್ಕೆ ಮೇಲೊಂದು ಕೆಳಗೊಂದು ಬೇರಿಂಗ್. ಇವೆರಡೂ ಸೇರಿ ಹೆಡ್‌ಸೆಟ್. ಹಳೆಯ ಬಗೆಯದರಲ್ಲಿ ಕಂಬದ ತುದಿಗೆ ಥ್ರೆಡ್ ಕೊರೆದಿರುತ್ತದೆ. ಮೇಲಿನ ಬಟ್ಟಲು ನಟ್ಟಿನ ಹಾಗೆ ಅದರ ಮೇಲೆ ತಿರುಗಿ ಕೂರುತ್ತದೆ, ಅದರ ಮೇಲೊಂದು ಲಾಕ್‌ನಟ್. ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ ಕಂಬದ ಒಳಗೆ ಇಳಿದಿರುತ್ತದೆ, ಬೇಕಾದಾಗ ಒಂದಿಷ್ಟು ಏರಿಸಬಹುದು, ಇಳಿಸಬಹುದು. ಆದರೆ ಬೇರಿಂಗ್ ಸಡಿಲವಾದರೆ ಬಿಗಿ ಮಾಡಲು ತೆಳ್ಳಗಿನ ಎರಡು ದೊಡ್ಡ ಪಾನಾ, ಅಂದರೆ ಸ್ಪ್ಯಾನರ್, ಬೇಕು. ಹೊಸ ಬಗೆಯಲ್ಲಿ ಥ್ರೆಡ್ಡೇ ಇಲ್ಲ. ಸ್ಟೆಮ್ ಹೊರಗಿನಿಂದ ಕಂಬವನ್ನು ತಬ್ಬಿ ಹಿಡಿಯುತ್ತದೆ. ಜೇಬಿನಲ್ಲಿ ಹಿಡಿಸುವ ಒಂದು ಅಲನ್ ಕೀ ಇದ್ದರೆ ರಸ್ತೆ ಬದಿಯಲ್ಲಿ ಯಾರು ಬೇಕಾದರೂ ಬಿಗಿ ಮಾಡಬಹುದು. ಎತ್ತರ ಮಾತ್ರ, ಕೂರಿಸುವಾಗ ಕಂಬವನ್ನು ಎಲ್ಲಿ ಕತ್ತರಿಸಿದಿರೋ ಅಲ್ಲಿಗೆ ಮುಗಿಯಿತು. ಕತ್ತರಿಸಿದ್ದನ್ನು ಉದ್ದ ಮಾಡಲಿಕ್ಕಾಗದು.

ಸಿಸ್ಟರದ್ದು ಥ್ರೆಡ್ ಇರುವ ಹಳೆಯ ಬಗೆ. ತೊಂದರೆ ಶುರುವಾದದ್ದು ಅಲ್ಲಿಂದ.

ಕಾರವಾರಕ್ಕೆ ಹೋಗಲು ಅವರು ಸೇರಿದ್ದ ಸೈಕಲ್ ತಂಡದ ನಾಯಕ ಅಂಧೇರಿಯ ಹುಡುಗ, ಯಾವುದೋ ಆಫೀಸಿನಲ್ಲಿ ಕೆಲಸ. ಅಪ್ಪ ಅಮ್ಮ ಮಂಗಳೂರಿನವರು, ಅವನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ನಾನು ಫೋನ್ ಮಾಡಿ ಹೆಡ್‌ಸೆಟ್ ಬದಲಾಯಿಸುತ್ತಿದ್ದೇನೆ ಎಂದಾಗ ಅವನು ಮೊದಲು ಕೇಳಿದ್ದು, “ಥ್ರೆಡ್‌ಲೆಸ್ ಹಾಕ್ತಿದ್ದೀರಲ್ಲ ಅಕ್ಕ?”

“ಇಲ್ಲ. ಇದ್ದ ಬಗೆಯದ್ದೇ.”

“ನಹೀಂ ಅಕ್ಕ, ಸಾರಿ. ನನ್ನ ಗ್ರೂಪ್‌ನಲ್ಲಿ ಥ್ರೆಡೆಡ್ ಅಲೋ ಇಲ್ಲ. ಲಾಸ್ಟ್ ಟೈಮ್ ಏನಾಯ್ತು ನಿಮಗೆ ಗೊತ್ತುಂಟಾ?”

ಗೊತ್ತಿರಲಿಲ್ಲ. ಅವನೇ ಹೇಳಿದ. ಹಿಂದಿನ ಸಲ ಘಾಟಿ ಇಳಿಯುವಾಗ ಒಬ್ಬನ ಲಾಕ್‌ನಟ್ ಸಡಿಲವಾಗಿ ಹ್ಯಾಂಡಲ್ ಓಲಾಡತೊಡಗಿತು. ಯಾರ ಬಳಿಯೂ ಪಾನಾ ಇಲ್ಲ. ಇಕ್ಕಳದಲ್ಲಿ ಹೇಗೋ ತಿರುಗಿಸಿ ಮತ್ತೆ ಹೊರಟರು. ಮುಂದಿನ ತಿರುವಿನಲ್ಲೇ ಅವನು ಬಿದ್ದು ಭುಜದ ಎಲುಬು ಮುರಿದುಕೊಂಡ. ಟೆಂಪೋದ ಹಿಂಬದಿಯಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಯವರೆಗೆ ಕೂತು ಬಂದದ್ದು ಇದೇ ಹುಡುಗ. “ದಟ್ ಸೌಂಡ್ ಅಕ್ಕ, ಅವನು ಕಿರುಚಿದ್ದು... ನನಗೆ ಈಗಲೂ ಕೇಳ್ತದೆ. ಸಿಸ್ಟರ್‌ಗೆ ನೆಕ್ ಪ್ರಾಬ್ಲಮ್ ಬೇರೆ. ನಾನು ರಿಸ್ಕ್ ತಗೊಳ್ಳುದಿಲ್ಲ.”

ಅವನ ಭಯದಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಸಿಟ್ಟು ಬಂದದ್ದು ಅದಕ್ಕೇ. ತಪ್ಪಿದ್ದರೆ ಜಗಳವಾಡಬಹುದಿತ್ತು. ಆಯಿತು, ನೋಡುತ್ತೇನೆ ಎಂದು ಫೋನಿಟ್ಟೆ.

ಥ್ರೆಡ್ ಇರಲಿ, ಇಲ್ಲದಿರಲಿ, ಮೊದಲು ಹಳೆಯದನ್ನು ಬಿಚ್ಚಬೇಕು. ಬಿಚ್ಚಬೇಕಾದರೆ ಸ್ಟೆಮ್ ಮೇಲೆ ಬರಬೇಕು. ನಡುವಿನ ಬೋಲ್ಟ್ ಸಡಿಲಿಸಿ ಅದರ ತಲೆಗೆ ಸುತ್ತಿಗೆಯಲ್ಲಿ ಒಂದೇಟು ಕೊಟ್ಟರೆ ಒಳಗೆ ಅದನ್ನು ಬಿಗಿಹಿಡಿದಿರುವ ಓರೆ ತುಂಡು ಬಿಟ್ಟುಕೊಂಡು, ಸ್ಟೆಮ್ ಕೈಯಲ್ಲೇ ಎದ್ದು ಬರಬೇಕು. ತುಂಡೇನೋ ಬಿಟ್ಟಿತು, ಸ್ಟೆಮ್ ಬರಲಿಲ್ಲ. ಅಲ್ಯುಮಿನಿಯಮ್ ಸ್ಟೆಮ್, ಉಕ್ಕಿನ ಕಂಬ. ಈ ಊರಿನ ಉಪ್ಪುಗಾಳಿ, ಬೆವರು, ಮಳೆ ಎಲ್ಲ ಸೇರಿ ಎರಡನ್ನೂ ಒಂದಾಗಿಸಿಬಿಟ್ಟಿದ್ದವು. ಸಿಸ್ಟರ್ ಇಷ್ಟು ಕಾಲವೂ ಡಾಕ್ಟರ ಎತ್ತರದಲ್ಲೇ, ಅಂದರೆ ತಮಗೆ ತೀರಾ ಬಗ್ಗಿದ ಭಂಗಿಯಲ್ಲೇ ತುಳಿದಿದ್ದರು ಎಂದು ಆಗ ಗೊತ್ತಾಯಿತು. ಏರಿಸಬಹುದಾದ ಹ್ಯಾಂಡಲ್ ಎಂದು ನಾನು ಹೆಮ್ಮೆಯಿಂದ ಹೇಳುವ ಬಗೆ ಇದು. ಏರುತ್ತಿರಲೇ ಇಲ್ಲ.

ಸೈಕಲನ್ನು ತಲೆಕೆಳಗಾಗಿ ಕಟ್ಟಿ, ಫೋರ್ಕಿನ ಕೆಳಗಿನ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಹುಯ್ದು ಬಿಟ್ಟೆ. ಮರುದಿನ ಅಲುಗಾಡಿಸಿದೆ. ಜಪ್ಪಯ್ಯ ಎನ್ನಲಿಲ್ಲ. ಮತ್ತೆ ಎಣ್ಣೆ. ಹೊರಗಿನ ಉಕ್ಕು ಹಿಗ್ಗಲಿ ಎಂದು ಕುದಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿದೆ. ಏನೂ ಆಗಲಿಲ್ಲ. ಪಕ್ಕದ ಗ್ಯಾರೇಜಿನವನು ಬಂದು, “ಕಾಟ್ ಡಾಲೋ ಮೇಡಮ್, ಕಾಯ್‌ಕೋ ಟೈಮ್ ಬರ್ಬಾದ್ ಕರ್ತೇ?” ಎಂದು ಉಪದೇಶ ಮಾಡಿ ಹೋದ. ಕತ್ತರಿಸುವುದು ಸುಲಭ. ಒಳಗುಳಿದ ತುಂಡನ್ನು ಕೆರೆಯುವಾಗ ಬ್ಲೇಡ್ ಕಂಬಕ್ಕೆ ಒಂದು ಗೀರು ಹಾಕಿದರೆ, ನಾಳೆ ಘಾಟಿಯಲ್ಲಿ ಅದೇ ಗೀರಿನಲ್ಲಿ ಕಂಬ ಸೀಳುತ್ತದೆ.

ಕೊನೆಗೆ ಫೋರ್ಕಿನ ಭುಜವನ್ನು ಮರದ ತುಂಡುಗಳ ನಡುವೆ ವೈಸಿನಲ್ಲಿ ಕಚ್ಚಿಸಿ, ಹ್ಯಾಂಡಲ್ಲಿನ ಎರಡೂ ತುದಿ ಹಿಡಿದು ನನ್ನ ಇಡೀ ಭಾರ ಹಾಕಿ ತಿರುಚಿದೆ. ಚಾಳಿನ ಮೇಲಿನ ಮನೆಯವರು ಇಣುಕುವಷ್ಟು ಜೋರಾಗಿ ಕಿರ್ರೆಂದು ಕಿರುಚಿ ಅದು ಕೂದಲೆಳೆಯಷ್ಟು ಸರಿಯಿತು. ಆಮೇಲೆ ತಿರುಚಿ, ಎಣ್ಣೆ ಹಾಕಿ, ಮತ್ತೆ ತಿರುಚಿ, ಬಿಳಿ ಹುಡಿ ಉದುರಿಸುತ್ತಾ ಮೇಲೆ ಬಂತು. ಅಂಗೈಯಲ್ಲಿ ಗುಳ್ಳೆ ಎದ್ದಿತ್ತು.

ಬೇರಿಂಗಿನ ಬಟ್ಟಲು ನೋಡಿದರೆ ಒಳಮೈ ತುಂಬ ಗುಂಡುಗಳು ಕುಟ್ಟಿ ಮಾಡಿದ ಸಣ್ಣ ಸಣ್ಣ ಹಳ್ಳಗಳು. ಹ್ಯಾಂಡಲ್ ನೇರಕ್ಕೆ ಬಂದಾಗ ನಿಲ್ಲುತ್ತಿದ್ದದ್ದು ಇವುಗಳಲ್ಲೇ. ಗ್ರೀಸ್ ಹಚ್ಚಿದರೆ ಸರಿಹೋಗುವ ಸ್ಥಿತಿ ಅಲ್ಲ. ಹೊಸದೇ ಬೇಕು.

ಬಜಾರಿನಲ್ಲಿ ಸೈಕಲ್ ಸಾಮಾನಿನ ಅಂಗಡಿಗಳು ಸಾಲಾಗಿವೆ. ಥ್ರೆಡ್ ಇರುವ ಹೆಡ್‌ಸೆಟ್ ಎಂದರೆ ಎಲ್ಲರೂ “ಹೈ ನಾ!” ಎನ್ನುವವರೇ. ತೆಗೆದುಕೊಟ್ಟದ್ದು ಹಾಲಿನವರ ಸೈಕಲ್ಲಿನ ಬಗೆ. ಅದರ ಥ್ರೆಡ್ಡಿನ ಹಲ್ಲೇ ಬೇರೆ, ಒಂದು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಇನ್ನೊಂದು ಅಂಗಡಿಯಲ್ಲಿ ಥ್ರೆಡ್ ಕೂಡುವ ಒಳ್ಳೆಯ ಸೆಟ್ ಸಿಕ್ಕಿತು. ಸಂತೋಷದಿಂದ ತಂದು ನೋಡಿದರೆ ಫೋರ್ಕಿನ ಬುಡದಲ್ಲಿ ಕೂರಬೇಕಾದ ಉಂಗುರ ಕೂರುತ್ತಿಲ್ಲ. ಕ್ಯಾಲಿಪರ್ ಹಿಡಿದೆ. ಜಪಾನಿನ ಹಳೆಯ ಅಳತೆಯ ಫೋರ್ಕಿನ ಬುಡ ಇಪ್ಪತ್ತೇಳು ಮಿಲಿಮೀಟರ್. ಈಗ ಎಲ್ಲ ಕಡೆ ಸಿಗುವ ಉಂಗುರ ಇಪ್ಪತ್ತಾರೂವರೆಗಿಂತಲೂ ಒಂದು ಕೂದಲು ಕಡಿಮೆ. ಅರ್ಧ ಮಿಲಿಮೀಟರ್ ಚಿಲ್ಲರೆಯ ವ್ಯತ್ಯಾಸ. ಬಟ್ಟಲುಗಳದ್ದು ತಿರುಗಾಮುರುಗಾ, ಚೌಕಟ್ಟಿನ ಕೊಳವೆಗಿಂತ ತುಸು ದಪ್ಪ. ಸುತ್ತಿಗೆಯಲ್ಲಿ ಹೊಡೆದು ಕೂರಿಸುತ್ತೇನೆ ಎನ್ನುವವರಿದ್ದಾರೆ. ಕೂರುತ್ತದೆ ಕೂಡ. ಕೊಳವೆಯ ಬಾಯಿ ಬಿರಿಯುವುದು ಆಮೇಲೆ.

ಅಂಗಡಿಯವನಿಗೆ ಹೇಳಿದರೆ, “ಇತ್ನಾ ತೋ ಚಲ್ತಾ ಹೈ, ಮೇಡಮ್.” ಚಲ್ತಾ ಹೈ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅವತ್ತಂತೂ ದಾದರ್ ಸ್ಟೇಷನ್ನಿನಿಂದ ನಡೆದು ಬರುವಾಗ ನನ್ನಷ್ಟಕ್ಕೆ ಬೈಯುತ್ತಾ ಬಂದೆ.

ಹಾಗಾದರೆ ನಾಯಕ ಹೇಳಿದ್ದೇ ಆಗಲಿ, ಥ್ರೆಡ್‌ಲೆಸ್ಸೇ ಹಾಕೋಣ ಎಂದುಕೊಂಡೆ. ಅದಕ್ಕೆ ಫೋರ್ಕನ್ನೇ ಬದಲಾಯಿಸಬೇಕು. ಈಗಿನ ಥ್ರೆಡ್‌ಲೆಸ್ ಫೋರ್ಕುಗಳ ಕಂಬ ದಪ್ಪ, ಈ ಹಳೆಯ ಕೊಳವೆಯೊಳಗೆ ಹೋಗುವುದಿಲ್ಲ. ಸಣ್ಣ ಕಂಬದ ಥ್ರೆಡ್‌ಲೆಸ್ ಫೋರ್ಕ್ ಅಪರೂಪ. ಒಬ್ಬ ಡೀಲರ್ ತರಿಸಿಕೊಡುತ್ತೇನೆ ಎಂದ. ಹಳೆಯ ಫೋರ್ಕಿನ ಫೋಟೋ ಕಳಿಸಿದೆ, ಬ್ರೇಕ್ ಕೂರುವ ಗೂಟಗಳು ಬೇಕು, ಚೀಲದ ಕ್ಯಾರಿಯರ್ ಕಟ್ಟಲು ತೂತುಗಳು ಬೇಕು ಎಂದು ಬಾಯಲ್ಲೂ ಹೇಳಿದೆ. “ಹಾಂ ಹಾಂ, ಸಬ್ ಸೇಮ್ ಆಯೇಗಾ.”

ಅದು ಬರುವವರೆಗೆ ಸುಮ್ಮನೆ ಯಾಕಿರುವುದು ಎಂದು ನನ್ನ ಸ್ವಂತ ಥ್ರೆಡ್‌ಲೆಸ್ ಸೈಕಲ್ಲನ್ನು ಸಿಸ್ಟರಿಗೆ ಕೊಟ್ಟೆ. ಸ್ಟೆಮ್ಮನ್ನು ಮಗುಚಿ ಹಾಕಿ, ಎತ್ತರಕ್ಕೆ ಹಾಕುವ ಲೋಹದ ಬಳೆಗಳನ್ನು ಇದ್ದಬದ್ದಷ್ಟೂ ಅದರ ಕೆಳಗೆ ಪೇರಿಸಿ, ಸಾಧ್ಯವಾದಷ್ಟು ಎತ್ತರ ಮಾಡಿಕೊಟ್ಟಿದ್ದೆ. ರವಿವಾರ ಅವರು ನವಿ ಮುಂಬೈವರೆಗೆ ಹೋಗಿ ಬಂದರು. ಸೋಮವಾರ ಅಂಗಡಿಗೆ ಬಂದಾಗ ಕುತ್ತಿಗೆಗೆ ಪಟ್ಟಿ.

“ಸೈಕಲ್ ಛಲೋ ಐತಿ ತಂಗಿ. ಬ್ರೇಕ್ ಹಿಡದ್ರ ಒಂಚೂರೂ ಸಪ್ಪಳಿಲ್ಲ. ಆದ್ರ ಬಗ್ಗಿ ಬಗ್ಗಿ ಕೈಬೆರಳ ಜುಂ ಅಂದುವು. ರಾತ್ರಿ ದಿಂಬಿಗೆ ತಲಿ ಇಡಾಕ ಆಗಲಿಲ್ಲ.”

“ಮತ್ತೆ ಅರ್ಧ ದಾರಿಯಿಂದ ಹಿಂದೆ ಬರುದಲ್ವಾ ಸಿಸ್ಟರ್?”

“ಹಿಂದ ಬರೂದು ಕಲತಿಲ್ಲವಾ,” ಎಂದರು. ನನಗೆ ಅವರ ಮೇಲೂ ಕೋಪ ಬಂತು. ನೋವಾದರೆ ಹೇಳುವುದಿಲ್ಲ, ನಿಲ್ಲುವುದಿಲ್ಲ, ಆಮೇಲೆ ಪಟ್ಟಿ ಕಟ್ಟಿಕೊಂಡು ಬಂದು ನಗುತ್ತಾರೆ.

ಫೋರ್ಕ್ ಬಂತು. ಪೊಟ್ಟಣ ಬಿಚ್ಚುವ ಮೊದಲೇ ಗೊತ್ತಾಯಿತು, ತೀರಾ ಹಗುರ. ರೇಸಿಗೆ ಹೋಗುವವರ ಫೋರ್ಕ್. ಬ್ರೇಕಿನ ಗೂಟಗಳಿಲ್ಲ, ಕ್ಯಾರಿಯರಿಗೆ ತೂತಿಲ್ಲ. ಕಂಬವನ್ನಂತೂ ಯಾರೋ ಮೊದಲೇ ಕತ್ತರಿಸಿಟ್ಟಿದ್ದರು. ಸಿಸ್ಟರ ಕತ್ತು ನೋಯಿಸಿದ ನನ್ನ ಸೈಕಲ್ಲಿನದ್ದಕ್ಕಿಂತಲೂ ಗಿಡ್ಡ. ಡೀಲರಿಗೆ ಫೋನ್ ಮಾಡಿದರೆ, “ಮೇಡಮ್, ಥ್ರೆಡ್‌ಲೆಸ್ ಬೋಲಾ, ಥ್ರೆಡ್‌ಲೆಸ್ ದಿಯಾ!” ಅವನೊಡನೆ ಮಾಡಿದ ಜಗಳ ಇಲ್ಲಿ ಬರೆಯುವಂಥದ್ದಲ್ಲ. ಕೊನೆಗೆ ಹಿಂದಕ್ಕೆ ತೆಗೆದುಕೊಂಡ.

ಅಷ್ಟರಲ್ಲಿ ದೀಪಾವಳಿಯ ಆಕಾಶಬುಟ್ಟಿಗಳು ಚಾಳಿನ ಸಜ್ಜಾಗಳಲ್ಲಿ ತೂಗತೊಡಗಿದ್ದವು. ಸಿಸ್ಟರ್ ಸೈಕಲ್ ಫೋರ್ಕಿಲ್ಲದೆ, ಹ್ಯಾಂಡಲ್ಲಿಲ್ಲದೆ, ಗೋಡೆಯ ಕೊಕ್ಕೆಗೆ ನೇತುಬಿದ್ದಿತ್ತು. ದಿನಾ ಡ್ಯೂಟಿ ಮುಗಿಸಿ ಅವರು ಬಂದು ಅದನ್ನು ನೋಡಿ, ಏನೂ ಕೇಳದೆ, ಚಹಾ ಕುಡಿದು ಸಿಟಿ ಬಸ್ಸು ಹಿಡಿದು ಹೋಗುತ್ತಿದ್ದರು. ಕೇಳಿದ್ದರೆ ಒಳ್ಳೆಯದಿತ್ತು.

ಒಂದು ಮಧ್ಯಾಹ್ನ ಆ ಕೊಕ್ಕೆಯ ಕೆಳಗೆ ಕೂತು ಯೋಚಿಸಿದೆ. ನಾನು ಇಷ್ಟು ದಿನ ಯಾರಿಗಾಗಿ ಓಡಾಡುತ್ತಿದ್ದೇನೆ? ನಾಯಕನ ನಿಯಮಕ್ಕಾಗಿ. ನಿಯಮದ ಹಿಂದಿನ ಭಯ ಸರಿಯಾದದ್ದೇ, ರಸ್ತೆಯಲ್ಲಿ ಸಡಿಲವಾದರೆ ಬಿಗಿ ಮಾಡುವವರು ಇಲ್ಲ ಎಂಬುದು. ಅದಕ್ಕೆ ಪಾನಾ ಬೇಕು, ಅದನ್ನು ಹಿಡಿಯಬಲ್ಲ ಕೈ ಬೇಕು. ಹೊಸ ಫೋರ್ಕೇ ಬೇಕೆಂದಿಲ್ಲ. ಆದರೆ ಸಿಸ್ಟರ ಕತ್ತಿಗೆ ಹ್ಯಾಂಡಲ್ ಎಷ್ಟು ಎತ್ತರ ಬೇಕು ಎಂದು ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಅಳತೆಗೆ ಕಂಬ ಕತ್ತರಿಸುವುದು ಹೇಗೆ? ಥ್ರೆಡ್‌ಲೆಸ್ ಕೆಟ್ಟದ್ದಲ್ಲ. ಈ ಮೈಗೆ, ಈ ಹೊತ್ತಿಗೆ, ಏರಿಸಿ ಇಳಿಸಲು ಬರುವ ಸ್ಟೆಮ್ಮೇ ಬೇಕು. ಇದ್ದದ್ದನ್ನೇ ಸರಿ ಮಾಡುವುದು ಎಂದು ತೀರ್ಮಾನಿಸಿದೆ. ಫೋರ್ಕಿಗೂ ಚೌಕಟ್ಟಿಗೂ ಅರ ಮುಟ್ಟಿಸಬಾರದು. ಅಳತೆ ತಪ್ಪಿದ ಅಗ್ಗದ ಉಂಗುರ, ಬಟ್ಟಲುಗಳೇ ಸೈಕಲ್ಲಿಗೆ ಹೊಂದಿಕೊಳ್ಳಲಿ.

ಉಂಗುರ ಗಟ್ಟಿ ಉಕ್ಕಿನದ್ದು, ಲೇತಿನ ಉಳಿಗೆ ಜಗ್ಗುವುದಿಲ್ಲ. ಗ್ರೈಂಡಿಂಗ್ ಮಾಡಬೇಕು. ಅಂಧೇರಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಗಾಳಾದಲ್ಲಿ, ಒಂದು ಕೋಣೆಯಷ್ಟಿನ ಕಾರ್ಖಾನೆಯಲ್ಲಿ, ಆ ಕೆಲಸ ಮಾಡುವವನು ಸಿಕ್ಕಿದ. ಕಾರ್ಖಾನೆಗಳಿಗೆ ಸಾವಿರಗಟ್ಟಲೆ ಬುಷ್ ಮಾಡಿಕೊಡುವವನಿಗೆ ನನ್ನ ಒಂದು ಉಂಗುರ ತಮಾಷೆಯಾಗಿ ಕಂಡಿತು. ಮೊದಲ ದಿನ ದೊಡ್ಡ ಆರ್ಡರ್ ಇದೆ ಎಂದು ವಾಪಸ್ ಕಳಿಸಿದ. ಎರಡನೆಯ ಸಲ ಹೋದಾಗ ಕರೆಂಟಿಲ್ಲ. ಮೂರನೆಯ ಸಲ ಮಾಡಿಕೊಟ್ಟ. ಲೋಕಲ್ ಹಿಡಿದು ಪರೇಲಿಗೆ ಬಂದು ಫೋರ್ಕಿಗೆ ಹಾಕಿದರೆ, ಬಡಿದು ಕೂರಿಸಬೇಕಾದ ಉಂಗುರ ಬಳೆಯ ಹಾಗೆ ಸಲೀಸಾಗಿ ಜಾರಿ ಕೆಳಗೆ ಬಿತ್ತು. ಇಪ್ಪತ್ತೇಳಕ್ಕೆ ಒಂದು ಕೂದಲು ಕಡಿಮೆ ಎಂದಿದ್ದೆ. ಅವನು ಅದಕ್ಕೂ ಒಂದು ಕೂದಲು ಹೆಚ್ಚು ತೆಗೆದಿದ್ದ.

ಉಂಗುರವನ್ನು ಗೋಡೆಗೆ ಎಸೆದೆ. ಆಮೇಲೆ ಹೆಕ್ಕಿಕೊಂಡೆ. ಬಜಾರಿಗೆ ಹೋಗಿ ಇನ್ನೊಂದು ಸೆಟ್ ತಂದು, ಈ ಸಲ ಫೋರ್ಕನ್ನೇ ಬಟ್ಟೆಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಲೋಕಲಿನ ಲೇಡೀಸ್ ಡಬ್ಬಿ ಹತ್ತಿದೆ. ಒಬ್ಬಳು ವೀಣೆಯಾ ಎಂದು ಕೇಳಿದಳು. ಹೌದು ಎಂದೆ. ವಿವರಿಸುವ ತಾಳ್ಮೆ ಇರಲಿಲ್ಲ.

ಫೋರ್ಕನ್ನು ಮಷೀನಿನ ಪಕ್ಕದಲ್ಲೇ ಇಟ್ಟು, “ಥೋಡಾ ಕಾಟೋ, ಇಸ್ಪೇ ಲಗಾಕೆ ದೇಖೋ,” ಎಂದು ನಿಂತೆ. ಅವನಿಗೆ ಬೇಸರ, ನನಗೂ ಬೇಸರ. ಆದರೆ ಕೊನೆಗೆ ಉಂಗುರ ಕೈಯಲ್ಲಿ ಅರ್ಧ ಇಳಿದು ನಿಂತಿತು. ಅದೇ ಸರಿ, ಉಳಿದದ್ದು ಬಡಿದು ಕೂರಿಸುವುದು. ಬಟ್ಟಲುಗಳ ಹೊರಮೈಯನ್ನೂ ಅಷ್ಟೇ ಜಾಗ್ರತೆಯಿಂದ ಇಳಿಸಿದ. ಮಷೀನ್ ನಿಲ್ಲಿಸಿ, “ಮೇಡಮ್, ಆಪ್ ಫಿರ್ ಮತ್ ಆನಾ,” ಎಂದು ಕೈಮುಗಿದ.

ಜೋಡಿಸುವಾಗ ತಗಡಿನ ಪಂಜರದಲ್ಲಿ ಸಾಲಾಗಿ ಬಂದಿದ್ದ ಗುಂಡುಗಳನ್ನು ತೆಗೆದು ಬಿಡಿ ಗುಂಡುಗಳನ್ನೇ ಗ್ರೀಸಿನಲ್ಲಿ ಕೂರಿಸಿದೆ. ಅದರಲ್ಲಿ ಹೆಚ್ಚು ಗುಂಡು ಹಿಡಿಸುತ್ತವೆ, ಭಾರ ಹಂಚಿಹೋಗುತ್ತದೆ. ದಾರಿಯಲ್ಲಿ ಹಾಳಾದರೆ ಯಾವ ಊರಿನ ಸೈಕಲ್ ಅಂಗಡಿಯಲ್ಲಾದರೂ ಸಿಗುತ್ತವೆ. ಥ್ರೆಡ್‌ಲೆಸ್ಸಿನ ಮುಚ್ಚಿದ ಬೇರಿಂಗಿಗೆ ಆ ಅನುಕೂಲವಿಲ್ಲ. ಅದು ಕೆಡುವುದು ಕಡಿಮೆ, ಆದರೆ ಕೆಟ್ಟರೆ ಕೊರಿಯರ್ ಬರುವವರೆಗೆ ಲಾಡ್ಜಿನಲ್ಲಿ ಕೂತಿರಬೇಕು. ಸ್ಟೆಮ್ಮಿಗೆ ಧಾರಾಳವಾಗಿ ಗ್ರೀಸ್ ಬಳಿದು, ಇನ್ನು ಮೇಲೆತ್ತಬಾರದೆಂಬ ಗೆರೆಯವರೆಗೆ ಏರಿಸಿದೆ. ಬ್ರೇಕ್ ಹಿಡಿದು ದೂಡಿದೆ.

‘ಟಕ್.’

ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಮತ್ತೆ ಬಿಚ್ಚಿ, ಮತ್ತೆ ಬಿಗಿದು, ಮತ್ತೆ ದೂಡಿದೆ. ಮತ್ತೂ ಟಕ್. ಅಷ್ಟರಲ್ಲಿ ಬಂದ ಸಿಸ್ಟರ್ ನನ್ನನ್ನು ಸರಿಸಿ, ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ರೋಗಿಯ ಮೈ ಮುಟ್ಟಿ ನೋಡುವ ಹಾಗೆ ಒಂದೊಂದೇ ಕಡೆ ಅಂಗೈ ಇಟ್ಟು, “ಈಗ ದೂಡು... ಈಗ ದೂಡು...” ಎನ್ನತೊಡಗಿದರು. ಬ್ರೇಕಿನ ಮೇಲೆ ಕೈಯಿಟ್ಟಾಗ, “ಇಲ್ಲೆ ಐತಿ ನೋಡು,” ಎಂದರು. ಬ್ರೇಕಿನ ತೋಳನ್ನು ಗೂಟಕ್ಕೆ ಹಿಡಿಯುವ ಬೋಲ್ಟನ್ನು ನಾನು ಪೂರ್ತಿ ಬಿಗಿದಿರಲಿಲ್ಲ. ಬಿಗಿದೆ. ಸದ್ದು ನಿಂತಿತು. ಹೆಡ್‌ಸೆಟ್ ಬೆಣ್ಣೆಯಂತೆ ತಿರುಗುತ್ತಿತ್ತು.

ಇನ್ನುಳಿದದ್ದು ನಾಯಕ. ಫೋನಿನಲ್ಲಿ ಮಾತು ಬೇಡ, ಬಂದು ನೋಡು ಎಂದೆ. ಹೊರಡುವ ಮೊದಲಿನ ಶನಿವಾರ ಬಂದ. ಬ್ರೇಕ್ ಹಿಡಿದು ದೂಡಿದ, ಚಕ್ರ ಎತ್ತಿ ತಿರುಗಿಸಿದ, ರಸ್ತೆಯ ಉಬ್ಬಿನ ಮೇಲೆ ಹಾರಿಸಿ ತಂದ.

“ಗುಡ್ ಉಂಟು ಅಕ್ಕ. ರಿಯಲಿ ಗುಡ್. ಬಟ್ ನನ್ನ ಕ್ವೆಶ್ಚನ್ ಸೇಮ್. ರಸ್ತೆಯಲ್ಲಿ ಲೂಸ್ ಆದ್ರೆ ಕೌನ್ ಕರೇಗಾ? ನನಗೆ ಬರುದಿಲ್ಲ. ನೀವು ಬರುದಿಲ್ಲ.”

ಇದಕ್ಕೆ ನಾನು ಸಿದ್ಧವಾಗಿದ್ದೆ. ಎರಡು ಪಾನಾಗಳ ಹಿಡಿಕೆಗಳನ್ನು ಗಿಡ್ಡವಾಗಿ ಕೊಯ್ದು ಹಗುರ ಮಾಡಿಟ್ಟಿದ್ದೆ. ಅವನ್ನು ಸಿಸ್ಟರ ಕೈಗೆ ಕೊಟ್ಟು, ನಾನು ಹೆಡ್‌ಸೆಟ್ಟನ್ನು ಬೇಕೆಂದೇ ಸಡಿಲ ಮಾಡಿದೆ. ಹಿಂದಿನ ಸಂಜೆಗಳಲ್ಲಿ ಅವರಿಗೆ ಹೇಳಿಕೊಟ್ಟಿದ್ದೆ. ಬಟ್ಟಲನ್ನು ಕೈಯಲ್ಲೇ ಬಿಗಿ ಮಾಡಿ, ತುಸು ಹಿಂದೆ ಬಿಟ್ಟು, ಕೆಳಗಿನ ಪಾನಾದಲ್ಲಿ ಅದನ್ನು ಅಲುಗದಂತೆ ಹಿಡಿದು, ಮೇಲಿನದರಲ್ಲಿ ಲಾಕ್‌ನಟ್ ಬಿಗಿಯಬೇಕು. ಕೇಳಲು ಸುಲಭ. ಲಾಕ್‌ನಟ್ ಬಿಗಿಯುವಾಗ ಕೆಳಗಿನದೂ ಜೊತೆಗೆ ಸುತ್ತುತ್ತದೆ. ಮೊದಲ ಸಲ ಹ್ಯಾಂಡಲ್ ತಿರುಗದಷ್ಟು ಬಿಗಿಯಾಯಿತು. ಎರಡನೆಯ ಸಲ ಸಡಿಲ ಉಳಿಯಿತು. ಪಾನಾ ಜಾರಿ ಅವರ ಬೆರಳಿನ ಗಿಣ್ಣು ತರಚಿ ರಕ್ತ ಬಂತು. ನಾಯಕ, “ಛೋಡೋ ಸಿಸ್ಟರ್, ಇಟ್ಸ್ ಓಕೆ,” ಎಂದು ಕೈ ಚಾಚಿದ.

“ತಮ್ಮಾ, ಸುಮ್ನ ನಿಂದರು,” ಎಂದರು ಸಿಸ್ಟರ್. “ಅವಸರ ಮಾಡಿದ್ರ ಸೂಜಿನೂ ನರಾ ಹಿಡಿಯೂದಿಲ್ಲ.”

ಮತ್ತೆ ಬಿಚ್ಚಿದರು. ಕಣ್ಣು ಮುಚ್ಚಿಕೊಂಡು ಬಟ್ಟಲನ್ನು ತಿರುಗಿಸಿದರು, ತುಸು ಹಿಂದೆ ಬಿಟ್ಟರು, ಪಾನಾ ಹಿಡಿದರು, ಉಸಿರು ಕಟ್ಟಿ ಒತ್ತಿದರು. ಬ್ರೇಕ್ ಹಿಡಿದು ದೂಡಿದರು. ಸದ್ದಿಲ್ಲ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ತನ್ನಷ್ಟಕ್ಕೆ ಬಾಗಿತು.

ನಾಯಕ ಆ ಪಾನಾಗಳನ್ನು ಕೈಯಲ್ಲಿ ತೂಗಿ ನೋಡಿದ. “ಇದರ ವೇಟ್ ನೀವೇ ಕ್ಯಾರಿ ಮಾಡ್ಬೇಕು, ಓಕೆ?” ಎಂದ. ಆಮೇಲೆ ನನ್ನ ಕಡೆ ತಿರುಗಿ, “ನನಗೂ ಒನ್ಸ್ ತೋರಿಸ್ತೀರಾ ಅಕ್ಕ?” ಎಂದು ಕೇಳಿದ. ತೋರಿಸಿದೆ. ಅವನಿಗೆ ಐದಾರು ಸಲ ಬೇಕಾಯಿತು.

ಭಾವುಚಾ ಧಕ್ಕಾದ ದೋಣಿಕಟ್ಟೆಯಲ್ಲಿ ಅವರೆಲ್ಲ, ಕೊಲ್ಲಿಯಾಚೆಯ ರಸ್ತೆ ಹಿಡಿಯಲು, ಸೈಕಲ್‌ಗಳ ಜೊತೆ ಲಾಂಚ್ ಹತ್ತಿದ ಬೆಳಿಗ್ಗೆ ನಾನು ಹೋಗಲಿಲ್ಲ. ಕೈಬಿಟ್ಟಿದ್ದ ಕೆಲಸಗಳು ರಾಶಿ ಬಿದ್ದಿದ್ದವು. ಫೋನ್ ಬಂದಾಗಲೆಲ್ಲ ಹಿಡಿದ ಪಾನಾ ಬಿಟ್ಟು ಓಡುತ್ತಿದ್ದೆ. ಒಮ್ಮೆ ಮಾತ್ರ ಸಿಸ್ಟರದ್ದೇ ಫೋನ್. ಹಿಂದೆ ಜೋರು ಗಾಳಿಯ ಸದ್ದು. “ಸಡ್ಲ ಆಗಿತ್ತು ತಂಗಿ. ಬಿಗಿ ಮಾಡೇನಿ. ಈಗ ಇಳ್ಯಾಕತ್ತೀನಿ, ಇಡತೀನಿ.” ಅಷ್ಟೇ. ಇಳಿಯುತ್ತಿರುವುದು ಯಾವ ಘಾಟಿ, ಎಲ್ಲಿ, ಏನೂ ಹೇಳಲಿಲ್ಲ. ಆ ಇಡೀ ಮಧ್ಯಾಹ್ನ ನಾನು ಹಿಡಿದ ಕೆಲಸವೊಂದೂ ನೆಟ್ಟಗಾಗಲಿಲ್ಲ.

ಅವರು ಕಾರವಾರ ಮುಟ್ಟಿದರು. ರೈಲಿನಲ್ಲಿ ಹಿಂದಿರುಗಿದರು. ಕೌಂಟರಿಗೆ ಹಾಜರಾದ ದಿನವೇ ಸಂಜೆ ಸೈಕಲ್ ತುಳಿದುಕೊಂಡು ಅಂಗಡಿಗೆ ಬಂದರು. ಮುಖ ಕಪ್ಪಿಟ್ಟಿತ್ತು, ಕುತ್ತಿಗೆಗೆ ಪಟ್ಟಿ ಇರಲಿಲ್ಲ. ನಾನು ಅಭ್ಯಾಸಬಲದಿಂದ ಮೊದಲು ಹೆಡ್‌ಸೆಟ್ ನೋಡಿದೆ. ಚೆನ್ನಾಗಿತ್ತು. ಆದರೆ ಸ್ಟೆಮ್! ನಾನು ಗೆರೆಯವರೆಗೆ ಏರಿಸಿ ಕಳಿಸಿದ್ದ ಸ್ಟೆಮ್ ಬಹಳ ಕೆಳಗೆ ಇಳಿದಿತ್ತು.

“ಇದು ಜಾರಿತಾ ಸಿಸ್ಟರ್?” ಗಾಬರಿಯಿಂದ ಕೇಳಿದೆ.

“ಜಾರಿಲ್ಲ, ನಾನ ಇಳಿಸೇನಿ. ಎದುರಗಾಳಿ ಹತ್ತಿತು, ಒಂದೀಟು ಇಳಿಸಿದೆ. ಕತ್ತ ಏನೂ ಅನಲಿಲ್ಲ. ಮರುದಿನ ಮತ್ತೊಂದೀಟು. ಒಂದಿನ ಹೆಚ್ಚಾತು, ಜುಂ ಅಂತು, ತಿರುಗಿ ಏರಿಸಿದೆ. ಗೋವಾ ದಾಟೂದ್ರಾಗ ಇಲ್ಲಿಗೆ ಬಂದು ನಿಂತಿತು. ಆಮ್ಯಾಲ ಮುಟ್ಟಿಲ್ಲ.”

ನನಗೆ ಎಷ್ಟು ಸಂತೋಷವಾಯಿತೆಂದರೆ ನಾಯಕನಿಗೆ ಆಗಲೇ ಫೋನ್ ಮಾಡಿ, ನೋಡಿದೆಯಾ, ನಿನ್ನ ಥ್ರೆಡ್‌ಲೆಸ್ಸಿನಲ್ಲಿ ಇದು ಆಗುತ್ತಿತ್ತಾ ಎಂದು ಕೇಳಬೇಕೆನ್ನಿಸಿತು. ಫೋನ್ ಕೈಗೆ ತೆಗೆದುಕೊಂಡೂ ಇದ್ದೆ.

“ಹಂಗಂದ್ರ ತಂಗಿ,” ಸಿಸ್ಟರ್ ಮೆಲ್ಲಗೆ ಹೇಳಿದರು, “ಇನ್ನ ಇದಕ್ಕ ಥ್ರೆಡ್‌ಲೆಸ್ ಹಾಕಿಬಿಡು.”

“ಏನು?”

“ಸಿಟ್ಟ ಆಗಬ್ಯಾಡವಾ. ನಡುದಾರ್ಯಾಗ ಎರಡ ಸಲ ಸಡ್ಲಾತು. ಬಿಗಿ ಮಾಡಾಕ ನನಗ ಬರ್ತೈತಿ, ಖರೇ. ಆದ್ರ ಪ್ರತಿ ಇಳಿಜಾರಿನಾಗೂ ಜೀವ ಎಲ್ಲಾ ಆ ನಟ್ಟಿನ ಮ್ಯಾಲ. ಸಮುದ್ರ ಬಾಜೂಕ ಇತ್ತು, ಅರ್ಧಾ ನೋಡಲಿಲ್ಲ. ಮೊದ್ಲ ನನ್ನ ಎತ್ತರ ಎಷ್ಟಂತ ಗೊತ್ತಿರಲಿಲ್ಲ, ಕತ್ತರಿಸಾಕ ಬರ್ತಿರಲಿಲ್ಲ. ಈಗ ಗೊತ್ತಾತಲ್ಲ? ಕತ್ತರಿಸು.”

ಕಚ್ಚಿಕೊಂಡ ಸ್ಟೆಮ್ಮು, ಗುಳ್ಳೆ ಎದ್ದ ಅಂಗೈ, ಲೋಕಲಿನಲ್ಲಿ ಹೆಗಲ ಮೇಲೆ ಹೊತ್ತ ಫೋರ್ಕು, ಕೈಮುಗಿದ ಗ್ರೈಂಡಿಂಗಿನವನು, ಎಲ್ಲ ಒಟ್ಟಿಗೆ ನೆನಪಾಯಿತು. ಸಿಸ್ಟರ್ ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಫೋನ್ ಕೆಳಗಿಟ್ಟು ಅಳತೆ ಟೇಪ್ ಎತ್ತಿಕೊಂಡೆ.

“ಸೈಕಲ್ ಹತ್ತಿ ಗೋಡೆ ಹಿಡಿದು ನಿಲ್ಲಿ,” ಎಂದೆ. ಹತ್ತಿದರು. ಒಂದು ಕೈ ಗೋಡೆಗೂರಿ, ಇನ್ನೊಂದನ್ನು ಹ್ಯಾಂಡಲ್ಲಿನ ಮೇಲಿಟ್ಟು, ತಲೆಯೆತ್ತಿ ಮುಂದೆ ನೋಡಿದರು. ಬ್ರೇಕಿನ ಗೂಟವೂ ಕ್ಯಾರಿಯರಿನ ತೂತೂ ಇರುವ, ಸಣ್ಣ ಕಂಬದ ಥ್ರೆಡ್‌ಲೆಸ್ ಫೋರ್ಕ್ ಇಡೀ ಮುಂಬೈಯಲ್ಲಿ ಎಲ್ಲಿ ಸಿಗುತ್ತದೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆದರೂ ಅವತ್ತು ನೆಲಕ್ಕೆ ಮಂಡಿಯೂರಿ ಕೂತು, ಹ್ಯಾಂಡಲ್ಲಿನವರೆಗೆ ಟೇಪ್ ಹಿಡಿದು, ಅವರ ಎತ್ತರವನ್ನು ಅಳೆದುಕೊಂಡೆ.